ಸತ್ಯಾಂಶ: ಹೆರಿಗೆ ನಂತರ ಮೂತ್ರ ಸೋರಿದರೆ ಮದ್ದೇ ಇಲ್ಲವೇ?

ಮಂಗಳೂರಿನ ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಮೊನ್ನೆ ಒಂದು ಫಾರ್ವರ್ಡ್ ಬಂತು. ‘ಹೆರಿಗೆಯಾದ ಮೇಲೆ ಮೂತ್ರ ಸೋರುತ್ತಿದ್ದರೆ ಬಾಣಂತನ ಸರಿಯಾಗಿಲ್ಲ ಎಂದರ್ಥ. ಅದಕ್ಕೆ ಮದ್ದಿಲ್ಲ. ಆಪರೇಷನ್ ಫಾರಿನ್ನಿನಲ್ಲಿ ಮಾತ್ರ.’ ಮೂರೂ ತಪ್ಪು.

ಹಗಲೂ ರಾತ್ರಿ ನಿಲ್ಲದೆ ಸೋರಿದರೆ ಅದು ಫಿಸ್ಟುಲಾ, ಅಂದರೆ ಮೂತ್ರಚೀಲಕ್ಕೂ ಯೋನಿಗೂ ನಡುವೆ ಬಿದ್ದ ತೂತು, ಇರಬಹುದು. ಹೆರಿಗೆ ನೋವು ದಿನಗಟ್ಟಲೆ ಎಳೆದಾಗ ಮಗುವಿನ ತಲೆ ಮೂತ್ರಚೀಲವನ್ನು ಎಲುಬಿಗೆ ಒತ್ತಿ ಹಿಡಿಯುತ್ತದೆ. ಅಲ್ಲಿಗೆ ರಕ್ತ ಹೋಗುವುದಿಲ್ಲ. ಆ ಭಾಗ ಸತ್ತು ತೂತು ಬೀಳುತ್ತದೆ. ಬಾಣಂತಿ ಲೇಹ ತಿಂದಳೋ ಬಿಟ್ಟಳೋ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಅವಳನ್ನು ದೂರುವುದು ಅನ್ಯಾಯ ಅಲ್ವಾ?

ಬೇಗ ಗೊತ್ತಾದರೆ, ಕ್ಯಾಥೆಟರ್ (ಮೂತ್ರ ಹೊರಗೆ ಹರಿಸುವ ಕೊಳವೆ) ಹಾಕಿ ಕೆಲವು ವಾರ ಬಿಟ್ಟಾಗ ಸಣ್ಣ ತೂತು ಕೆಲವೊಮ್ಮೆ ತಾನೇ ಮುಚ್ಚುತ್ತದೆ. ಇಲ್ಲದಿದ್ದರೆ ಆಪರೇಷನ್, ಅದು ನಮ್ಮ ದೇಶದಲ್ಲೂ ಆಗುತ್ತದೆ. ಅದಕ್ಕೆ ದುಬಾರಿ ಯಂತ್ರಕ್ಕಿಂತ ಪಳಗಿದ ಕೈ ಮುಖ್ಯ. ಇಥಿಯೋಪಿಯಾ ಬಡ ದೇಶ. ಅಲ್ಲಿನ ಅಡಿಸ್ ಅಬಾಬಾದಲ್ಲಿ ಕ್ಯಾಥರೀನ್ ಮತ್ತು ರೆಜಿನಾಲ್ಡ್ ಹ್ಯಾಮ್ಲಿನ್ ದಂಪತಿ 1974ರಲ್ಲಿ ಇದಕ್ಕೆಂದೇ ಆಸ್ಪತ್ರೆ ಕಟ್ಟಿದರು. ಬೇರೆ ದೇಶಗಳ ಸರ್ಜನ್‌ಗಳೂ ಅಲ್ಲಿಗೆ ಹೋಗಿ ಕಲಿತರು. ನನಗೆ ಜಾಸ್ತಿ ಇಷ್ಟವಾಗುವುದು ಮಾಮಿಟು ಗಾಶೆ ಅವರ ಕಥೆ. ಓದು ಬರಹ ಬಾರದ ಹಳ್ಳಿ ಹುಡುಗಿಯಾಗಿ, ಇದೇ ಗಾಯ ಹೊತ್ತು ಹ್ಯಾಮ್ಲಿನ್ ದಂಪತಿಯ ಬಳಿ ಬಂದವರು. ನೋಡಿ ನೋಡಿ ಕಲಿತು ತಾವೇ ಆಪರೇಷನ್ ಮಾಡತೊಡಗಿದರು. ಮುಂದೆ ಡಾಕ್ಟರುಗಳಿಗೂ ಕಲಿಸಿದರು!

ಕೆಮ್ಮಿದಾಗ, ಸೀನಿದಾಗ ಮಾತ್ರ ನಾಲ್ಕು ಹನಿ ಹೋಗುವುದು ಬೇರೆ. ಅದಕ್ಕೆ ಹೆಚ್ಚಾಗಿ ಮೂತ್ರ ತಡೆಹಿಡಿಯುವ ಸ್ನಾಯುಗಳ ವ್ಯಾಯಾಮದಿಂದಲೇ ಗುಣ ಸಿಗುತ್ತದೆ. ಯಾವುದೇ ಇರಲಿ, ಸುಮ್ನೆ ಸಹಿಸಿಕೊಂಡು ಕೂರಬೇಡಿ. ಮಂಗಳೂರಿನವರಾದರೆ ಲೇಡಿ ಗೋಶನ್ ಸರ್ಕಾರಿ ಆಸ್ಪತ್ರೆಯಲ್ಲಿ ಒಮ್ಮೆ ತೋರಿಸಿ.