ಮಕ್ಕಳಿಗೆ ‘ಮೈಲ್ಡ್’ ಅಂತೆ, ಯಾವುದರ ಲೆಕ್ಕದಲ್ಲಿ?

ಉಣುಗು ಕಚ್ಚಿ ಬರುವ ಮಿದುಳು ಜ್ವರ ಮಕ್ಕಳಿಗೆ ಅಷ್ಟೇನೂ ಜೋರಾಗಿ ಬರಲ್ಲ ಅನ್ನೋ ಮಾತು ಮ್ಯೂನಿಕ್, ಸ್ಟುಟ್‌ಗಾರ್ಟ್ ಕಡೆಯ ನಮ್ಮವರ ನಡುವೆಯೂ ಓಡಾಡುತ್ತದೆ. ಜರ್ಮನಿಯಲ್ಲಿ ಎಫ್‌ಎಸ್‌ಎಂಇ ಅನ್ನುವುದು ಇದನ್ನೇ; ಇದರ ವೈರಸ್ ನಮ್ಮ ಮಂಗನ ಕಾಯಿಲೆಯ ವೈರಸ್ಸಿನ ದಾಯಾದಿ.

ಮಾತು ಪೂರ್ತಿ ಸುಳ್ಳಲ್ಲ. ನರಮಂಡಲಕ್ಕೆ ಇಳಿದಾಗ ದೊಡ್ಡವರಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ ಮಿದುಳಿಗೇ ಉರಿಯೂತವಾಗುತ್ತದೆ. ಸುಮಾರು ಹತ್ತರಲ್ಲಿ ಒಬ್ಬರಿಗೆ ಬೆನ್ನುಹುರಿಗೂ ತಗಲಿ ಭುಜ, ತೋಳು ಸೋಲುತ್ತವೆ. ಮಕ್ಕಳಲ್ಲಿ ಬಹುಪಾಲು ಮಿದುಳ ಪೊರೆಯ ಉರಿಯೂತಕ್ಕೇ ನಿಲ್ಲುತ್ತದೆ. ಲಕ್ವ, ಸಾವು ಅಪರೂಪ. ಆದರೆ ಈ ಲೆಕ್ಕ ಹಿಡಿಯುವುದು ಸಾವನ್ನು, ಲಕ್ವವನ್ನು. ತಿಂಗಳುಗಟ್ಟಲೆ ಉಳಿಯುವ ತಲೆನೋವು, ಬೇಗ ದಣಿವು, ಸಿಡುಕು, ಪಾಠದಲ್ಲಿ ನಿಲ್ಲದ ಗಮನ ಡಿಸ್ಚಾರ್ಜ್ ದಿನದ ಪರೀಕ್ಷೆಯಲ್ಲಿ ಕಾಣುವುದಿಲ್ಲ. ಮಗು ಸೋಮಾರಿಯಾಯಿತು ಅಂತ ಬೈಸಿಕೊಳ್ಳುತ್ತದೆ, ಅಷ್ಟೆ.

ರೋಗ ಕಣ್ತಪ್ಪಿ ಹೋಗುವುದೂ ಮಕ್ಕಳಲ್ಲೇ ಸುಲಭ. ಕಚ್ಚಿದ ಒಂದೆರಡು ವಾರಕ್ಕೆ ಜ್ವರ, ಮೈಕೈ ನೋವು. ಆಮೇಲೆ ವಾರದಷ್ಟು ಆರಾಮ. ಮತ್ತೆ ಜೋರು ಜ್ವರ, ತಲೆನೋವು, ವಾಂತಿ. ಇದು ಪುಸ್ತಕದ ಕ್ರಮ. ಚಿಕ್ಕ ಮಕ್ಕಳಲ್ಲಿ ಕತ್ತು ಸೆಟೆಯದೆಯೂ ಇರಬಹುದು. ಜ್ವರ, ವಾಂತಿ, ಮಂಕು ಇಷ್ಟೇ ಕಂಡರೆ ಹೊಟ್ಟೆ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಮೊದಲ ಜ್ವರದಲ್ಲಿ ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಇಳಿದಿರಬಹುದು, ಆದರೆ ಆಂಟಿಬಾಡಿ ಸಾಮಾನ್ಯವಾಗಿ ಇನ್ನೂ ಸಿಗುವುದಿಲ್ಲ. ಆ ನೆಗೆಟಿವ್ ರಿಪೋರ್ಟನ್ನು ನಂಬಿ ಕೂರಬೇಡಿ. ಎರಡನೇ ಜ್ವರ ಬಂದರೆ ಕಾಡು, ಹುಲ್ಲುಗಾವಲಿಗೆ ಹೋಗಿದ್ದನ್ನು ಹೇಳಿ ಮತ್ತೆ ಪರೀಕ್ಷೆ ಮಾಡಿಸಿ. ಕಚ್ಚಿದ್ದು ನೆನಪಿಲ್ಲದವರೂ ಬಹಳ.

ಮಕ್ಕಳ ಕೂದಲಂಚು, ಕಿವಿಯ ಹಿಂದೆ ಮೊದಲು ನೋಡಿ. ಉಣುಗು ಕಂಡರೆ ಎಣ್ಣೆ ಹಚ್ಚದೆ, ಚರ್ಮದ ಬುಡದಲ್ಲೇ ಚಿಮಟದಿಂದ ಹಿಡಿದು ನೇರ ಎಳೆಯಿರಿ. ಬೇಗ ಕಿತ್ತರೆ ಉಣುಗಿನಿಂದಲೇ ಬರುವ ಇನ್ನೊಂದು ಕಾಯಿಲೆ, ಬ್ಯಾಕ್ಟೀರಿಯಾದ ಲೈಮ್ ರೋಗದ ಅಪಾಯ ತಗ್ಗುತ್ತದೆ. ಈ ವೈರಸ್ ಮಾತ್ರ ಉಣುಗಿನ ಜೊಲ್ಲಲ್ಲೇ ಇರುವುದರಿಂದ ಕಚ್ಚಿದ ಕೂಡಲೇ ದಾಟಬಲ್ಲದು. ಇದನ್ನು ಕೊಲ್ಲುವ ಔಷಧಿಯೂ ಇಲ್ಲ. ಹಾಗಾಗಿ ನನ್ನ ಮಟ್ಟಿಗೆ ಲಸಿಕೆ ಮುಂದೂಡಲು ‘ಮೈಲ್ಡ್’ ಕಾರಣವೇ ಅಲ್ಲ.

ಒಂದು ವರ್ಷ ತುಂಬಿದ ಮೇಲೆ ಮಕ್ಕಳ ಲಸಿಕೆ ಹಾಕಿಸಬಹುದು. ಎಫ್‌ಎಸ್‌ಎಂಇ-ಇಮ್ಯೂನ್ ಅನ್ನುವ ಲಸಿಕೆಯಾದರೆ 16 ತುಂಬುವವರೆಗೆ 0.25 ಮಿ.ಲೀ., ಆಮೇಲೆ 0.5. ಎರಡನೇ ಡೋಸ್ 1ರಿಂದ 3 ತಿಂಗಳಿಗೆ, ಮೂರನೆಯದು ಅದಾದ 5ರಿಂದ 12 ತಿಂಗಳಿಗೆ, ಮೂರು ವರ್ಷಕ್ಕೆ ಬೂಸ್ಟರ್. ಚಳಿಗಾಲದಲ್ಲೇ ಶುರುಮಾಡಿದರೆ ವಸಂತದೊಳಗೆ ಎರಡು ಮುಗಿಯುತ್ತವೆ. ಬೇಸಿಗೆಗೆ ಊರಿಂದ ಬಂದು ಮೊಮ್ಮಗುವಿನ ಜೊತೆ ಕಾಡಂಚಲ್ಲಿ ನಡೆಯುವ ಅಜ್ಜ-ಅಜ್ಜಿಯನ್ನು ಮರೆಯಬೇಡಿ. ವಯಸ್ಸಾದಷ್ಟೂ ಈ ರೋಗ ಕಠಿಣ. ಸಮಯ ಕಡಿಮೆಯಿದ್ದರೆ ಎರಡನೇ ಡೋಸನ್ನು 14 ದಿನಕ್ಕೇ ಕೊಡುವ ಕ್ರಮವೂ ಇದೆ, ವೈದ್ಯರನ್ನು ಕೇಳಿ.