ಆಳು ಸಿಗುತ್ತಿಲ್ಲ, ಇದ್ದವಳು ನಮ್ಮವಳಲ್ಲ

ಕಾಫಿ ಹಣ್ಣಾಗುವ ಹೊತ್ತಿಗೆ ಕೊಡಗಿನಲ್ಲಿ ಆ ಸುದ್ದಿ ತಪ್ಪದೆ ಬರುತ್ತದೆ: ‘ಕಾರ್ಮಿಕರ ಕೊರತೆ, ಬೆಳೆಗಾರರು ಕಂಗಾಲು’. ಈ ಸಲವೂ ಬಂತು. ಅಸ್ಸಾಮಿಗೆ ಹೋದವರು ವಾಪಸ್ಸಾಗಿಲ್ಲ, ಹಣ್ಣು ಗಿಡದಲ್ಲೇ ಒಣಗುತ್ತಿದೆ, ಕೊಯ್ಯಲು ಕೈಗಳೇ ಇಲ್ಲ. ಸಂಕಟ ಸುಳ್ಳಲ್ಲ. ಆದರೆ ಅದೇ ಹೊತ್ತಿಗೆ ಮೈಸೂರಿನ ಕಾರ್ಮಿಕ ನ್ಯಾಯಾಲಯದಲ್ಲಿ ಸಾಹುಕಾರರ ಪರ ವಕೀಲರು ಎದ್ದು ನಿಂತು, ಇಪ್ಪತ್ತು ವರ್ಷ ಲೈನ್‌ಮನೆಯಲ್ಲಿದ್ದು, ಅಂದರೆ ಆಳುಗಳಿಗೆಂದು ತೋಟದೊಳಗೆ ಕಟ್ಟಿದ ಸಾಲುಮನೆಯಲ್ಲಿದ್ದು, ಕಾಫಿ ಕೊಯ್ದವಳನ್ನು ತೋರಿಸಿ, ‘ಈಕೆ ಯಾರೋ ನಮಗೆ ಗೊತ್ತಿಲ್ಲ ಸ್ವಾಮಿ’ ಅನ್ನುತ್ತಿರುತ್ತಾರೆ. ಇದ್ದ ಆಳನ್ನು ಇಲ್ಲವಾಗಿಸುವ ವಿದ್ಯೆ ಬಲ್ಲವರು ಇವರು. ಕೊರತೆಗೆ ಕಾರಣ ಹುಡುಕಲು ಗುವಾಹಟಿಗೆ ರೈಲು ಹತ್ತಬೇಕಾಗಿಲ್ಲ.

ಆಡಳಿತವರ್ಗದ ಪರ ವಕೀಲರು ಬರೆಯುವ ತಕರಾರನ್ನು ಒಮ್ಮೆಯಾದರೂ ಓದಬೇಕು. ಒಂದನೇ ಪ್ಯಾರಾ: ಅರ್ಜಿದಾರಳು ನಮ್ಮ ತೋಟದಲ್ಲಿ ಕೆಲಸವನ್ನೇ ಮಾಡಿಲ್ಲ. ಎರಡು: ಮಾಡಿದ್ದರೂ 240 ದಿನ ತುಂಬಿಲ್ಲ. ಮೂರು: ತುಂಬಿದ್ದರೂ ತಾನಾಗಿ ಬಿಟ್ಟುಹೋದಳು. ನಾಲ್ಕು: ಬಿಟ್ಟುಹೋಗಿಲ್ಲವೆಂದರೆ, ಕರಿಮೆಣಸು ಕದ್ದಳೆಂದು ನಾವೇ ತೆಗೆದೆವು. ಐದು: ಅದಕ್ಕೆ ವಿಚಾರಣೆ ನಡೆಸಿಲ್ಲವೆಂದು ಕಂಡುಬಂದರೆ, ತಮ್ಮ ಮುಂದೆಯೇ ಸಾಕ್ಷ್ಯ ಕೊಡಲು ಅವಕಾಶವಾಗಬೇಕು. ತೋಟಕ್ಕೆ ಕಾಲೇ ಇಡದವಳು ಒಂದೂವರೆ ಪುಟದಲ್ಲಿ ಕೆಲಸಕ್ಕೆ ಸೇರಿ, ಬಿಟ್ಟು, ಕದ್ದು, ವಜಾ ಆಗುತ್ತಾಳೆ. ಐದನೆಯದನ್ನು ಓದಿ ನಗಬೇಡಿ, ಪಳಗಿದ ಕೈ ತಿಳಿಯುವುದೇ ಅಲ್ಲಿ. ಆ ಅವಕಾಶವನ್ನು ತಕರಾರಿನಲ್ಲೇ ಕೇಳಿರಬೇಕೆಂದು ಕೆಎಸ್‌ಆರ್‌ಟಿಸಿಯ ಲಕ್ಷ್ಮೀದೇವಮ್ಮ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2001ರಲ್ಲಿ ಹೇಳಿದೆ. ಎಳಸು ವಕೀಲ ಮರೆಯುತ್ತಾನೆ, ಹಳಬರು ಮರೆಯುವುದಿಲ್ಲ.

ಈ 240ರ ಮಹಿಮೆ ಬೇರೆಯೇ. ಹಿಂದಿನ ಹನ್ನೆರಡು ತಿಂಗಳಲ್ಲಿ ಅಷ್ಟು ದಿನ ದುಡಿದಿದ್ದರೆ ಒಂದು ತಿಂಗಳ ನೋಟಿಸು, ವರ್ಷಕ್ಕೆ ಹದಿನೈದು ದಿನದ ಪರಿಹಾರ ಇಲ್ಲದೆ ತೆಗೆಯುವಂತಿಲ್ಲ. ಹಾಗಾಗಿ ತೋಟದ ಲೆಕ್ಕ ಬರೆಯುವ ರೈಟರು ಮಳೆಗಾಲದಲ್ಲಿ ಪಂಚಾಂಗ ನೋಡುವ ಜೋಯಿಸರಂತೆ ಚೆಕ್‌ರೋಲ್ ಎಂಬ ಹಾಜರಿ ಪುಸ್ತಕ ಮುಂದಿಟ್ಟು ಕೂರುತ್ತಾರೆ. ಜುಲೈಯಲ್ಲಿ ಚೋಮಿ ಎಂಬೊಬ್ಬಳ ಹೆಸರಿಗೆ ಗೆರೆ ಬೀಳುತ್ತದೆ, ಆಗಸ್ಟಿನಲ್ಲಿ ಅದೇ ಚೋಮಿ ಕಾಂಟ್ರಾಕ್ಟುದಾರನ ಪಟ್ಟಿಯಲ್ಲಿ ಚೋಮವ್ವ ಆಗಿ ಹುಟ್ಟುತ್ತಾಳೆ, ಕೊಯ್ಲಿಗೆ ಕೆ.ಜಿ. ಲೆಕ್ಕದ ಓಚರಿನಲ್ಲಿ ಬರೀ ಹೆಬ್ಬೆಟ್ಟು. ಗಿಡ ಒಂದೇ, ಬುಟ್ಟಿ ಒಂದೇ, ಹೆಂಗಸೂ ಒಬ್ಬಳೇ. ಸಂಬಳದ ರಜೆ, ಹೆರಿಗೆ ರಜೆ ಎಲ್ಲವೂ 240ಕ್ಕೆ ಸೇರುತ್ತವೆ. ಕೆ.ಜಿ. ಲೆಕ್ಕದಲ್ಲಿ ಕೂಲಿ ಪಡೆದ ಮಾತ್ರಕ್ಕೆ ಕಾರ್ಮಿಕಳಲ್ಲ ಎಂದಾಗುವುದಿಲ್ಲ. ಇವು ವಕೀಲರಿಗೆ ಚೆನ್ನಾಗಿ ಗೊತ್ತು, ರೈಟರಿಗೆ ಹೇಳಿರುವುದಿಲ್ಲ.

ಲೆಕ್ಕ ತೋರಿಸುವ ಹೊಣೆ ಮಾತ್ರ ಚೋಮಿಯದ್ದು. ಸುಪ್ರೀಂ ಕೋರ್ಟಿನ 2002ರ ಹದಿಮನಿ ಪ್ರಕರಣ ಎಲ್ಲ ಸಾಹುಕಾರರ ವಕೀಲರಿಗೂ ಬಾಯಿಪಾಠ: 240 ದಿನ ದುಡಿದೆನೆಂದು ರುಜುವಾತು ಮಾಡಬೇಕಾದವರು ಕಾರ್ಮಿಕರೇ, ಬರೀ ಪ್ರಮಾಣಪತ್ರ ಸಾಲದು. ಪುಸ್ತಕವೆಲ್ಲ ರೈಟರ ಬೀರುವಿನಲ್ಲಿ, ರುಜುವಾತು ಅವಳ ತಲೆಯ ಮೇಲೆ. ಮೂರೇ ವರ್ಷಕ್ಕೆ ಅದೇ ಕೋರ್ಟಿನಿಂದ ಬಂದ ಯಲ್ಲಟ್ಟಿ ಪ್ರಕರಣದ ತೀರ್ಪು ಅದೇಕೋ ಯಾರ ಬಾಯಿಗೂ ಬರುವುದಿಲ್ಲ. ಕಟಕಟೆ ಹತ್ತಿ ಸಾಕ್ಷ್ಯ ಹೇಳಿ, ಮಸ್ಟರ್ ರೋಲ್, ಕೂಲಿ ಪುಸ್ತಕ ಹಾಜರುಪಡಿಸಿ ಎಂದು ಮಾಲೀಕರನ್ನು ಕೇಳಬಹುದೆಂದು ಅದರಲ್ಲಿದೆ. ಕೇಳಿದರೆ ಪುಸ್ತಕ ‘2018ರ ಮಳೆಯಲ್ಲಿ ಕೊಚ್ಚಿಹೋಯಿತು’. ಪಾಪ, ಆ ವರ್ಷ ಗುಡ್ಡವೇ ಕುಸಿದದ್ದು ನಿಜ. ಆದರೆ ಕುಸಿದದ್ದು ಹೆಚ್ಚಾಗಿ ಮಡಿಕೇರಿ, ಸೋಮವಾರಪೇಟೆ ಕಡೆ. ಸಿದ್ದಾಪುರದ ಬೀರುವಿನಲ್ಲಿದ್ದ ಚೆಕ್‌ರೋಲ್ ಹೇಗೆ ಹೋಯಿತೋ!

‘ತಾನಾಗಿ ಬಿಟ್ಟುಹೋದಳು’ ಅನ್ನುವುದಕ್ಕೂ ಸಿದ್ಧಪಾಕ ಉಂಟು. ಮೊದಲು ಲೈನ್‌ಮನೆಗೆ ಬೀಗ. ಮಾರನೆಯ ದಿನ ಅದೇ ವಿಳಾಸಕ್ಕೆ ರಿಜಿಸ್ಟರ್ ನೋಟಿಸು: ‘ಕೂಡಲೇ ಕೆಲಸಕ್ಕೆ ಹಾಜರಾಗತಕ್ಕದ್ದು’. ಅಂಚೆಯವರು ‘ವಿಳಾಸದಾರರು ಇಲ್ಲ’ ಎಂದು ಷರಾ ಬರೆದು ವಾಪಸು ಕಳಿಸಿದ ಲಕೋಟೆ ಕೋರ್ಟಿನಲ್ಲಿ ದಾಖಲೆ. ಓದು ಬಾರದವಳಿಗೆ ಇಂಗ್ಲಿಷ್ ಪೇಪರಿನಲ್ಲಿ ಪ್ರಕಟಣೆ ಕೊಟ್ಟರಂತೂ ಸಹಜ ನ್ಯಾಯ ಸಂಪೂರ್ಣ.

ಇಲ್ಲಿಂದ ಮುಂದೆ ನಗು ಬರುವುದಿಲ್ಲ. ಅದೇ ಚೋಮಿಯನ್ನು ಲೈನ್‌ಮನೆಯಿಂದ ಎಬ್ಬಿಸಲು ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡುತ್ತಾರಲ್ಲ, ಅದರಲ್ಲಿ ಬರೆದಿರುವುದೇನು? ‘ಪ್ರತಿವಾದಿಯು ನಮ್ಮ ತೋಟದ ಕೆಲಸಗಾರಳಾಗಿದ್ದರಿಂದ ವಾಸಕ್ಕೆ ಮನೆ ಕೊಡಲಾಗಿತ್ತು, ಬಾಡಿಗೆಯಲ್ಲ, ಕೆಲಸ ಮುಗಿದಿದೆ, ಖಾಲಿ ಮಾಡಿಸಿ.’ ಮೈಸೂರಿನಲ್ಲಿ ಯಾರೋ ಗೊತ್ತಿಲ್ಲದವಳು, ವಿರಾಜಪೇಟೆಯಲ್ಲಿ ಹಳೇ ಕೆಲಸಗಾರಳು. ಎರಡಕ್ಕೂ ಒಂದೇ ವಕಾಲತ್ತು, ಒಂದೇ ಸಹಿ, ಒಂದೇ ಸೀಲು. ಮತದಾರರ ಪಟ್ಟಿಯಲ್ಲಿ ಅವಳ ವಿಳಾಸ ತೋಟದ ಲೈನು. ಪೊಲೀಸರು ಕೇಳಿದಾಗ ‘ನಮ್ಮ ಆಳುಗಳು’ ಎಂದು ಠಾಣೆಗೆ ಕೊಟ್ಟ ಆಧಾರ್ ಪ್ರತಿಗಳಲ್ಲಿ ಅವಳದೂ ಇದೆ. ಕೂಲಿ ಕೇಳಿದಾಗ ಮಾತ್ರ ಅವಳು ಯಾರೂ ಅಲ್ಲ. ಇಲ್ಲಿನ ಆದಿವಾಸಿಗಳಾದ ಯರವರ, ಜೇನುಕುರುಬರ ಎಷ್ಟು ತಲೆಮಾರು ಹೀಗೆ ಸವೆದವು? ಲೈನ್‌ಮನೆ ಸಾಕೆಂದು ಹೊರಬಂದು ದಿಡ್ಡಳ್ಳಿಯಲ್ಲಿ ಗುಡಿಸಲು ಹಾಕಿದವರನ್ನು 2016ರ ಡಿಸೆಂಬರಿನಲ್ಲಿ ಎಬ್ಬಿಸಿದ್ದನ್ನೂ ನೋಡಿದ್ದೇವೆ. ಇದಕ್ಕೆ ವೃತ್ತಿಧರ್ಮವೆಂಬ ಹೆಸರು ಬೇರೆ. ಕಕ್ಷಿದಾರನ ಪರ ವಾದಿಸುವುದು ಧರ್ಮವೇ, ಯಾರೂ ಬೇಡ ಅನ್ನುವುದಿಲ್ಲ. ಒಂದೇ ಬಾಯಲ್ಲಿ ಎರಡು ಪ್ರಮಾಣ ಮಾಡಿಸುವುದು ಯಾವ ಧರ್ಮ? ಚೋಮಿಯ ಕಡೆಯವರು ಸಿವಿಲ್ ದಾವೆಯ ದೃಢೀಕೃತ ನಕಲನ್ನು ತೆಗೆಸಿ ಕಾರ್ಮಿಕ ನ್ಯಾಯಾಲಯದಲ್ಲಿ ಹಾಜರುಪಡಿಸಿದರೆ ತಕರಾರಿನ ಒಂದನೇ ಪ್ಯಾರಾಕ್ಕೆ ಅಲ್ಲೇ ಕುತ್ತು. ಹಾಗೆ ತೆಗೆಸುವವರು ಎಷ್ಟು ಮಂದಿ!

ರಾಜಿ ಸಂಧಾನಕ್ಕೆ ವಕೀಲರು ಬರುವಂತಿಲ್ಲವೆಂದು ಕಾನೂನು ಹೇಳುತ್ತದೆ. ಬರುತ್ತಾರೆ, ಬೆಳೆಗಾರರ ಸಂಘವೊಂದರ ‘ಪದಾಧಿಕಾರಿ’ ಆಗಿ. ಸಂಘದ ಪದಾಧಿಕಾರಿಯಾದ ವಕೀಲ ಮಾಲೀಕರ ಪರ ನಿಲ್ಲಬಹುದೆಂದು ಹೇಳಿ, ಕೋರ್ಟಿನಲ್ಲಿ ಆ ದಾರಿಯನ್ನು 1976ರಲ್ಲೇ ಸುಪ್ರೀಂ ಕೋರ್ಟಿನ ಪಾರಾದೀಪ್ ಬಂದರಿನ ಪ್ರಕರಣ ತೆರೆದಿಟ್ಟಿದೆ. ಕಪ್ಪು ಕೋಟು ಕಾರಿನಲ್ಲಿ, ಸಂಘದ ಲೆಟರ್‌ಹೆಡ್ ಕೈಯಲ್ಲಿ. 2025ರ ನವೆಂಬರ್ 21ರಿಂದ ಹಳೆಯ ಕಾರ್ಮಿಕ ಕಾಯ್ದೆಗಳ ಜಾಗಕ್ಕೆ ಹೊಸ ಸಂಹಿತೆಗಳು ಬಂದವು. ವಜಾ ಆದವರು ನೇರವಾಗಿ ಅರ್ಜಿ ಹಾಕಲು ಇದ್ದ ಮೂರು ವರ್ಷ ಎರಡಾಯಿತು. ‘ಇನ್ನೊಂದು ಕೊಯ್ಲು ಮುಗಿಯಲಿ, ನೋಡೋಣ’ ಎಂದು ಎರಡು ಸಲ ಹೇಳಿದರೆ ಮುಗಿಯಿತು.

ಕೊನೆಗೆ ಲೋಕ ಅದಾಲತ್. ನಲವತ್ತು ಸಾವಿರ ಕೊಟ್ಟು ‘ಇನ್ನಾವ ಬಾಕಿಯೂ ಇಲ್ಲ’ ಎಂದು ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರೆ. ಚೋಮಿಗೆ ದಿನಗೂಲಿ 450 ರೂಪಾಯಿ, ಇಪ್ಪತ್ತು ವರ್ಷ ಸೇವೆ ಅನ್ನಿ. ಗ್ರಾಚ್ಯುಟಿಯೊಂದೇ ವರ್ಷಕ್ಕೆ ಹದಿನೈದು ದಿನದಂತೆ 1,35,000 ರೂಪಾಯಿ ಆಗುತ್ತದೆ, 30 ದಿನದೊಳಗೆ ಕೊಡಬೇಕು, ತಪ್ಪಿದರೆ ಬಡ್ಡಿ. ಗ್ರಾಚ್ಯುಟಿಯ ಹಕ್ಕಿಗೆ ಅಡ್ಡ ಬರುವ ಕರಾರು ನಿಲ್ಲುವುದಿಲ್ಲವೆಂದು ಕಾಯ್ದೆಯಲ್ಲೇ ಉಂಟು. ಹೆಬ್ಬೆಟ್ಟು ಒತ್ತಿಸುವ ಮುಂಚೆ ಕರಾರನ್ನು ಓದಿ ಹೇಳಬೇಕಲ್ಲ, ವಕೀಲರು ಎಲ್ಲ ಸಾಲನ್ನೂ ಕನ್ನಡದಲ್ಲಿ ನಿಧಾನವಾಗಿ ಓದುತ್ತಾರೆ. ಇದು ಮಾತ್ರ ಅದರಲ್ಲಿ ಇರುವುದಿಲ್ಲ.