ಮಾಸ್ತರರ ಎದುರು ಮಕ್ಕಳು ಬಾಯಿ ಬಿಡುವುದಿಲ್ಲ

ಮಕ್ಕಳು ಮಕ್ಕಳನ್ನೇ ಕಾಡುವುದರ ಬಗ್ಗೆ ಅಧ್ಯಯನ ಮಾಡಲು ರಾಯಚೂರು, ಕೊಪ್ಪಳದ ಸರ್ಕಾರಿ ಶಾಲೆಗಳಿಗೆ ಹೋಗುವ ಸಂಶೋಧನಾ ವಿದ್ಯಾರ್ಥಿಗಳಲ್ಲಿ ಒಂದು ಕಳಕಳಿಯ ಮನವಿ. ಹೌದು-ಇಲ್ಲ ಪ್ರಶ್ನಾವಳಿ ಹಂಚಿ, ಊಟದ ಗಂಟೆಯೊಳಗೆ ತುಂಬಿಸಿಕೊಂಡು ಬಸ್ ಹತ್ತಬೇಡಿ. ಮಾಸ್ತರರು ಎದುರು ನಿಂತಿದ್ದಾರೆ, ಕಾಡುವವನು ಪಕ್ಕದಲ್ಲೇ ಕೂತಿದ್ದಾನೆ. ಯಾವ ಮಗು ‘ಹೌದು’ ಅಂತ ಗುರುತು ಹಾಕೀತು?

ನಾರ್ವೆಯ ಮನೋವಿಜ್ಞಾನಿ ಡಾನ್ ಓಲ್ವೇಯಸ್ ಈ ಕಾಟಕ್ಕೆ ಹೇಳಿದ ಲಕ್ಷಣ ಮೂರು: ಬೇಕಂತಲೇ ನೋಯಿಸುವುದು, ಮತ್ತೆ ಮತ್ತೆ ನೋಯಿಸುವುದು, ಇಬ್ಬರ ಬಲದಲ್ಲಿ ಅಂತರ. ಮೂರನೆಯದು ನಮ್ಮಲ್ಲಿ ಊರೊಳಗೇ ಬೇರು ಬಿಟ್ಟಿದೆ. ಗುಳೆ ಹೋಗಿ ಬಂದ ಹುಡುಗ ಪಾಠದಲ್ಲಿ ಹಿಂದೆ, ವಯಸ್ಸಿನಲ್ಲಿ ಮುಂದೆ. ತಾಂಡಾದ ಹುಡುಗಿಯ ಮನೆಮಾತೇ ಬೇರೆ. ಜಾತಿ ಹಿಡಿದು ಕರೆದರೂ ದೊಡ್ಡವರು ‘ಹುಡುಗರ ಚಾಷ್ಟಿ’ ಅಂದು ಸುಮ್ಮನಾಗುತ್ತಾರೆ. ಇದ್ಯಾವುದೂ ಅಂಕಿಗೆ ಸಿಗುವುದಿಲ್ಲ.

ಮೊದಲು ಕಾಗದ ಕೊಟ್ಟು ಶಾಲೆಯ ನಕ್ಷೆ ಬರೆಸಿ. ಭಯವಾಗುವ ಜಾಗಕ್ಕೆ ಕೆಂಪು, ನೆಮ್ಮದಿ ಇರುವಲ್ಲಿ ಹಸಿರು. ಶೌಚಾಲಯದ ಹಿಂಬದಿ, ಬಿಸಿಯೂಟದ ಸಾಲು, ಬಸ್ಸಿನ ಹಿಂದಿನ ಸೀಟು, ಹಾಸ್ಟೆಲಿನ ನೀರಿನ ತೊಟ್ಟಿ: ಕೆಂಪು ಎಲ್ಲೆಲ್ಲಿ ಬಿತ್ತೋ ಅಲ್ಲಿಂದಲೇ ಮಾತು ಶುರುಮಾಡಿ.

ಆಮೇಲೆ ಒಂದೇ ತರಗತಿಯ ಐದಾರು ಮಕ್ಕಳ ಗುಂಪು, ಹುಡುಗಿಯರದು ಬೇರೆ, ಹುಡುಗರದು ಬೇರೆ. ಕಲ್ಪಿತ ಮಗುವಿನ ಕಥೆ ಹೇಳಿ, ‘ಮುಂದೇನಾಯ್ತು? ಸುತ್ತ ನಿಂತವರು ಏನು ಮಾಡಿದ್ರು?’ ಅಂತ ಕೇಳಿ. ಸುತ್ತ ನಿಂತವರ ವಿಷಯ ಬಿಡಲೇಬೇಡಿ. ಫಿನ್ಲೆಂಡಿನ ಮನೋವಿಜ್ಞಾನಿ ಕ್ರಿಸ್ಟಿನಾ ಸಾಲ್ಮಿವಾಲಿ ಮತ್ತು ಸಂಗಡಿಗರು 1996ರಲ್ಲೇ ತೋರಿಸಿದಂತೆ, ಕೈ ಸೇರಿಸುವವರು, ನಕ್ಕು ಹುರಿದುಂಬಿಸುವವರು, ಅಡ್ಡ ಬಂದು ಕಾಪಾಡುವವರು, ದೂರ ಸರಿಯುವವರು ಎಲ್ಲರೂ ಇದರಲ್ಲಿ ಪಾಲುದಾರರು. ಆದರೆ ಗುಂಪಿನಲ್ಲಿ ‘ನಿನ್ನನ್ನು ಯಾರು ಹೊಡೆದರು?’ ಅಂತ ಮಾತ್ರ ಕೇಳಬೇಡಿ. ಶಾಲೆ ಬಿಟ್ಟ ಮೇಲೆ ಅದರ ಪೆಟ್ಟು ತಿನ್ನುವುದು ಆ ಮಗು.

ಒಬ್ಬೊಬ್ಬರ ಜೊತೆಗಿನ ಮಾತು ಅರ್ಧ ಗಂಟೆ ಮೀರದಿರಲಿ. ಎಲ್ಲರ ಕಣ್ಣಿಗೂ ಕಾಣುವ, ಯಾರ ಕಿವಿಗೂ ಬೀಳದ ಜಾಗ ಬೇಕು. ಅಂಗಳದ ಬೇವಿನ ಮರದ ಬುಡ ಸಾಕು. ಪಾಲಕರ ಒಪ್ಪಿಗೆ ಇದ್ದರೂ ಮಗುವನ್ನು ಬೇರೆಯಾಗಿ ಕೇಳಿ, ಬೇಡ ಅಂದರೆ ಬಿಟ್ಟುಬಿಡಿ. ‘ಯಾರಿಗೂ ಹೇಳಲ್ಲ’ ಅಂತ ಮಾತು ಕೊಡಬೇಡಿ. ಲೈಂಗಿಕ ದೌರ್ಜನ್ಯ ಗೊತ್ತಾದರೆ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೋ ಕಾಯ್ದೆಯ 19ನೇ ಕಲಂ ಪ್ರಕಾರ ಕಡ್ಡಾಯ. ಇದನ್ನು ಮೊದಲೇ ಮಗುವಿಗೆ ಅರ್ಥವಾಗುವ ಹಾಗೆ ಹೇಳಿ. 1098 ಮಕ್ಕಳ ಸಹಾಯವಾಣಿಯ ನಂಬರೂ ಕೊಟ್ಟಿರಿ.

ಒಂದು ಗಂಟೆಯ ರೆಕಾರ್ಡಿಂಗ್ ಬರೆದಿಳಿಸಲು ಐದಾರು ಗಂಟೆ ಹಿಡಿಯುತ್ತದೆ. ಇಲ್ಲಿಯೇ ಬಹಳ ಜನ ಬೇಸತ್ತು, ಪಠ್ಯಪುಸ್ತಕದ ಕನ್ನಡದಲ್ಲಿ ಸಾರಾಂಶ ಗೀಚುತ್ತಾರೆ. ಮಗು ತಡವರಿಸಿದ್ದು, ನಡುವೆ ಸುಮ್ಮನಾಗಿದ್ದು ಎಲ್ಲ ಅಳಿಸಿಹೋಗುತ್ತದೆ. ಆಡಿದ ಮಾತನ್ನು ಆಡಿದ ಹಾಗೆಯೇ ಇಳಿಸಿ. ಇನ್ನು ಹೆಸರು ಬದಲಿಸಿದರಷ್ಟೇ ಸಾಲದು. ‘ಏಳನೇ ತರಗತಿಯ ತಾಂಡಾದ ಹುಡುಗಿ’ ಅಂದರೆ ಊರಿಗೆಲ್ಲ ಗೊತ್ತಾಗುತ್ತದೆ. ಊರು, ತರಗತಿ, ಸಮುದಾಯ ಮೂರನ್ನೂ ಒಂದೇ ಕಡೆ ಬರೆಯಬೇಡಿ. ಶಾಲೆಗೆ ಕೊಡುವ ಪ್ರತಿಯಲ್ಲಿ ಮಕ್ಕಳ ಮಾತುಗಳನ್ನು ತೆಗೆದು, ಕೆಂಪು ಗುರುತಿನ ಜಾಗಗಳ ಪಟ್ಟಿಯಷ್ಟೇ ಇಡಿ.